ಆರು ಹಳೇ ಬಟ್ಟೆಗಳ ಲೇಬಲ್ ಓದಿದ್ದು: ಕೆಲಸದ ನೋಟ್‌ಬುಕ್ಕಿನಿಂದ

ಮೇಜಿನ ಮೇಲೆ ಆರು ಬಟ್ಟೆಗಳಿವೆ. ಹೂವಿನ ಹತ್ತಿ ಫ್ರಾಕು, ಗಂಡಸರ ಸೂಟಿನ ಕೋಟು, ಡೆನಿಮ್ ಜಾಕೆಟ್, ಭಾರದ ಉಣ್ಣೆಯ ಓವರ್‌ಕೋಟು, ಒಂದು ಕಾರ್ಡಿಗನ್, ಒಂದು ಬ್ಲೌಸು. ನಾಲ್ಕು ಅಮೆರಿಕದ ಬ್ರಾಂಡುಗಳು, ಎರಡು ಬ್ರಿಟನ್ನಿನವು. ಎಲ್ಲವೂ ಯಾರೋ ತೊಟ್ಟು ಬಿಟ್ಟವು. ಒಂದೊಂದೂ ಯಾವ ಕಾಲದ್ದು ಅಂತ ಲೇಬಲ್ ನೋಡಿ ಹಿಡಿಯಬೇಕು. ಕಿತ್ತುಬಂದಿರುವ ಲೇಬಲ್‌ಗಳನ್ನು ಮತ್ತೆ ಹೊಲಿದು ಕೂರಿಸಬೇಕು. ಇಷ್ಟು ಕೆಲಸ.

ಸಾಮಾನು ಹೆಚ್ಚೇನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚು, ಚಿಮಟ, ಹೊಲಿಗೆ ಬಿಚ್ಚುವ ಕೊಕ್ಕೆ, ತೆಳ್ಳಗಿನ ಸೂಜಿ, ಹತ್ತಿ ದಾರ, ಫೋನಿನ ಕ್ಯಾಮೆರಾ, ಒಂದು ನೋಟ್‌ಬುಕ್ಕು.

ನೋಟ್‌ಬುಕ್ಕಿನಲ್ಲಿ ಒಂದೊಂದು ಬಟ್ಟೆಗೆ ಒಂದೊಂದು ಪುಟ. ಪುಟದ ನಡುವೆ ಒಂದು ಗೆರೆ. ಎಡಕ್ಕೆ "ಇದಕ್ಕಿಂತ ಹಳೆಯದಲ್ಲ", ಬಲಕ್ಕೆ "ಇದಕ್ಕಿಂತ ಹೊಸದಲ್ಲ". ಸಿಕ್ಕಿದ ಪ್ರತಿ ಸುಳಿವೂ ಈ ಎರಡರಲ್ಲಿ ಒಂದು ಕಡೆ ಹೋಗಬೇಕು. ಲೇಬಲ್ ಸಾಮಾನ್ಯವಾಗಿ ಬಟ್ಟೆ ಹೊಲಿದ ಇಸವಿ ಹೇಳುವುದಿಲ್ಲ. ಅದು ಬೇಲಿ ಹಾಕುತ್ತದೆ, ಅಷ್ಟೇ. ಎರಡೂ ಕಡೆಯ ಬೇಲಿ ಹತ್ತಿರ ಬಂದಾಗ ನಡುವೆ ಉಳಿಯುವ ಜಾಗವೇ ಬಟ್ಟೆಯ ವಯಸ್ಸು. ಇದನ್ನು ನಾನು ಎರಡನೇ ದಿನ ಸೂಟಿನ ಕೋಟಿನ ಹತ್ತಿರ ಪೆಟ್ಟು ತಿಂದು ಕಲಿತೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲ ದಿನ: ಫ್ರಾಕು

ಕುತ್ತಿಗೆಯ ಹಿಂದೆ ಬ್ರಾಂಡಿನ ಲೇಬಲ್ ಇದೆ, ಅಲಂಕಾರದ ಅಕ್ಷರದಲ್ಲಿ ನೆಯ್ದದ್ದು. ಎಲ್ಲರೂ ಮೊದಲು ಇಲ್ಲಿಗೇ ಬೀಳುತ್ತಾರೆ. ನಾನೂ ಬಿದ್ದೆ. ಆದರೆ ಅಕ್ಷರದ ಚಂದ ನೋಡಿ ಕಾಲ ಹೇಳುವುದು ಕಷ್ಟ, ಯಾಕೆಂದರೆ ಒಂದೇ ಅಕ್ಷರ ಶೈಲಿಯನ್ನು ಕಂಪನಿಗಳು ಇಪ್ಪತ್ತು, ಮೂವತ್ತು ವರ್ಷ ಇಟ್ಟುಕೊಂಡಿರುತ್ತವೆ. ನಿಜವಾದ ಮಾಹಿತಿ ಇರುವುದು ಒಳಗಡೆ, ಪಕ್ಕದ ಹೊಲಿಗೆಯಲ್ಲಿ ಸಿಕ್ಕಿಸಿರುವ ಸಣ್ಣ ಪಟ್ಟಿಗಳಲ್ಲಿ.

ಫ್ರಾಕನ್ನು ಒಳಹೊರಗು ತಿರುಗಿಸಿದೆ. ಸೊಂಟದ ಹತ್ತಿರ ಒಂದು ಪುಟ್ಟ ಯೂನಿಯನ್ ಲೇಬಲ್ ಸಿಕ್ಕಿತು. ಐಎಲ್‌ಜಿಡಬ್ಲ್ಯೂಯು, ಅಂದರೆ ಅಮೆರಿಕದಲ್ಲಿ ಹೆಂಗಸರ ಉಡುಪು ಹೊಲಿಯುವ ಕಾರ್ಮಿಕರ ಸಂಘ. 1900ರಲ್ಲಿ ಶುರುವಾಗಿ 1995ರಲ್ಲಿ ಇನ್ನೊಂದು ಸಂಘದ ಜೊತೆ ಸೇರಿಹೋಯಿತು. ಆ ಮಧ್ಯೆ ಅವರ ಲೇಬಲ್ ಹಲವು ಸಲ ಬದಲಾಗಿದೆ. ಹಾಗಾಗಿ ಹಳೇ ಬಟ್ಟೆ ನೋಡುವವರಿಗೆ ಇದು ಚಿನ್ನದಂಥ ಸುಳಿವು. ಈ ಫ್ರಾಕಿನ ಲೇಬಲ್ ಮೇಲೆ ಎಎಫ್‌ಎಲ್-ಸಿಐಒ ಅನ್ನುವ ಅಕ್ಷರಗಳಿವೆ. ಅವು ಎರಡು ಬೇರೆ ಬೇರೆ ಕಾರ್ಮಿಕ ಒಕ್ಕೂಟಗಳು, ಒಂದಾದದ್ದು 1955ರ ಡಿಸೆಂಬರಿನಲ್ಲಿ. ಎಡಗಡೆ ಬರೆದೆ: 1955. ಲೇಬಲ್ ಒಂದೇ ಬಣ್ಣದ್ದು. 1974ರಲ್ಲಿ ಅದು ಕೆಂಪು, ಬಿಳಿ, ನೀಲಿಗೆ ಬದಲಾಯಿತು. ಬಲಗಡೆ ಬರೆದೆ: 1974.

ಹತ್ತೊಂಬತ್ತು ವರ್ಷದ ಅಂತರ. ಇನ್ನೂ ಒತ್ತರಿಸಬೇಕು.

ಅದರ ಪಕ್ಕದಲ್ಲೇ ಇನ್ನೊಂದು ಪಟ್ಟಿ. "100% ಕಾಟನ್" ಅಂತಿದೆ, ಕೆಳಗೆ ಆರ್‌ಎನ್ ನಂಬರ್. ನೂಲು ಯಾವುದು, ಶೇಕಡಾ ಎಷ್ಟು ಅಂತ ಲೇಬಲ್ಲಿನಲ್ಲಿ ಹೇಳಲೇಬೇಕು ಅನ್ನುವ ಅಮೆರಿಕದ ಕಾನೂನು 1958ರಲ್ಲಿ ಪಾಸಾಗಿ 1960ರ ಮಾರ್ಚ್ 3ರಿಂದ ಜಾರಿಗೆ ಬಂತು. ಅದಕ್ಕೂ ಮೊದಲೇ ತಮ್ಮಷ್ಟಕ್ಕೆ "100% ಕಾಟನ್" ಅಂತ ಹೆಮ್ಮೆಯಿಂದ ಬರೆದುಕೊಂಡವರಿದ್ದಾರೆ. ಹಾಗಾಗಿ ಇದನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟೆ.

ಆರ್‌ಎನ್ ನಂಬರ್ ಮಾತ್ರ ಗಟ್ಟಿ. ಅದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಗಳಿಗೆ ಕೊಡುವ ನೋಂದಣಿ ಸಂಖ್ಯೆ. 1959ರಿಂದ 13670ನೇ ನಂಬರಿನಿಂದ ಸಾಲಾಗಿ ಕೊಡುತ್ತಾ ಬಂದಿದ್ದಾರೆ. ಹಳೇ ಬಟ್ಟೆ ಸಂಗ್ರಹಿಸುವವರು ಇದಕ್ಕೊಂದು ಅಂದಾಜು ಲೆಕ್ಕ ಹಾಕಿಟ್ಟಿದ್ದಾರೆ: ನಂಬರಿನಿಂದ 13670 ಕಳೆಯಿರಿ, 2635ರಿಂದ ಭಾಗಿಸಿ, 1959 ಕೂಡಿಸಿ. ಈ ಫ್ರಾಕಿನ ನಂಬರ್ 24,200ರ ಆಸುಪಾಸಿನದು. ಕಳೆದರೆ 10,530. ಭಾಗಿಸಿದರೆ ಹೆಚ್ಚುಕಡಿಮೆ 4. ಅಂದರೆ 1963.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. 1963 ಅನ್ನುವುದು ಕಂಪನಿ ನಂಬರ್ ಪಡೆದ ವರ್ಷ, ಫ್ರಾಕು ಹೊಲಿದ ವರ್ಷ ಅಲ್ಲ. ಅದೇ ನಂಬರ್ ಹಾಕಿಕೊಂಡು ಆ ಕಂಪನಿ ನಲವತ್ತು ವರ್ಷ ಬಟ್ಟೆ ಮಾಡಿರಬಹುದು. ಹಾಗಾಗಿ ಇದು ಎಡಗಡೆಯ ಬೇಲಿ ಮಾತ್ರ. ಆರ್‌ಎನ್ ಲೆಕ್ಕ ಹಾಕಿ ನೇರವಾಗಿ "ಇದು 1963ರ ಫ್ರಾಕು" ಅಂತ ಬರೆದು ಮಾರುವವರು ತುಂಬಾ ಜನ. ಕೊಳ್ಳುವವರು ನಂಬುತ್ತಾರೆ. ನನಗೆ ಬೇಸರವಾಗುವುದು ಅಲ್ಲೇ.

ಬಲಗಡೆಗೆ ಇನ್ನೇನು ಸಿಗುತ್ತದೆ? ಒಗೆಯುವ ಸೂಚನೆಯ ಲೇಬಲ್ ಇಲ್ಲ. ಅಮೆರಿಕದಲ್ಲಿ ಅದು ಕಡ್ಡಾಯವಾದದ್ದು 1972ರ ಜುಲೈ 3ರಿಂದ. ಆದರೆ "ಇಲ್ಲ" ಅನ್ನುವುದನ್ನು ಅಷ್ಟು ಬೇಗ ನಂಬಬಾರದು. ಚುಚ್ಚುತ್ತದೆ ಅಂತ ಎಷ್ಟೋ ಜನ ಈ ಲೇಬಲ್ ಕತ್ತರಿಸಿ ಬಿಸಾಕುತ್ತಾರೆ, ಅಲ್ವಾ? ಹಾಗಾಗಿ ಪಕ್ಕದ ಹೊಲಿಗೆಗಳನ್ನೂ ಕುತ್ತಿಗೆಯ ಹೊಲಿಗೆಯನ್ನೂ ಇಂಚಿಂಚು ಭೂತಗನ್ನಡಿ ಹಿಡಿದು ನೋಡಿದೆ. ಕತ್ತರಿಸಿದ ಲೇಬಲ್ಲಿನ ಬುಡ ಹೊಲಿಗೆಯೊಳಗೆ ಉಳಿದಿರುತ್ತದೆ, ಉಗುರಿನ ಅಂಚಿನಷ್ಟು ಬಿಳಿ ಪಟ್ಟಿಯ ಹಾಗೆ. ಇಲ್ಲಿ ಎಲ್ಲೂ ಇರಲಿಲ್ಲ. ಮೇಲೆ ಹೊಲಿದು ಕಿತ್ತ ಸೂಜಿಯ ತೂತುಗಳೂ ಇರಲಿಲ್ಲ. ಈಗ 1974 ಹೊಡೆದುಹಾಕಿ 1972 ಅಂತ ಬರೆಯಲು ಧೈರ್ಯ ಬಂತು.

ಬೆನ್ನಿನ ಜಿಪ್ಪು ಲೋಹದ್ದು. ಜಿಪ್ಪನ್ನು ಆಮೇಲೆ ಬದಲಾಯಿಸಿದ್ದಾರಾ ಅಂತ ನೋಡಿದೆ. ಹೊಲಿಗೆಯ ದಾರ ಉಳಿದ ಫ್ರಾಕಿನದೇ, ಪಕ್ಕದಲ್ಲಿ ಎರಡನೇ ಸಾಲಿನ ತೂತುಗಳಿಲ್ಲ. ಮೊದಲಿನಿಂದ ಇದ್ದದ್ದೇ. 1960ರ ದಶಕದಲ್ಲಿ ಫ್ರಾಕುಗಳಿಗೆ ನೈಲಾನ್ ಜಿಪ್ಪು ಬರತೊಡಗಿ ಲೋಹದ್ದು ನಿಧಾನಕ್ಕೆ ಹಿಂದೆ ಸರಿಯಿತು. ಇದರಿಂದ ಬೇಲಿ ಕದಲುವುದಿಲ್ಲ. ಆದರೆ ಒಂಬತ್ತು ವರ್ಷದ ಜಾಗದಲ್ಲಿ ಮುಂಚಿನ ಅರ್ಧದ ಕಡೆಗೆ ಮನಸ್ಸು ವಾಲುತ್ತದೆ.

ಪುಟದ ಕೆಳಗೆ ಬರೆದೆ: 1963 – 1972, ಬಹುಶಃ ಮೊದಲರ್ಧ.

ಎರಡನೇ ದಿನ: ಸೂಟಿನ ಕೋಟು, ನನ್ನ ತಪ್ಪು

ಗಂಡಸರ ಕೋಟಿನಲ್ಲಿ ಕುತ್ತಿಗೆಯ ಲೇಬಲ್ ನೋಡುವ ಮೊದಲು ಒಳಜೇಬಿಗೆ ಕೈ ಹಾಕಬೇಕು. ಅಳತೆ ಕೊಟ್ಟು ಹೊಲಿಸಿದ ಕೋಟಾದರೆ ಅಲ್ಲಿ ಗಿರಾಕಿಯ ಹೆಸರು, ಹೊಲಿದ ತಾರೀಖು ಬರೆದ ಚೀಟಿಯೇ ಇರುವುದುಂಟು. ಈ ಕೋಟು ರೆಡಿಮೇಡು. ಜೇಬಿನೊಳಗೆ ಸಿಕ್ಕಿದ್ದು ಅಮಾಲ್ಗಮೇಟೆಡ್ ಕ್ಲೋದಿಂಗ್ ವರ್ಕರ್ಸ್ ಸಂಘದ ಲೇಬಲ್. ಟಾರ್ಚ್ ಬಿಟ್ಟು ನೋಡಿದರೆ ಸಣ್ಣ ಅಕ್ಷರದಲ್ಲಿ 1949 ಅಂತ ಇಸವಿ!

ಖುಷಿಯಲ್ಲಿ ಪುಟದ ಮೇಲೆ ದಪ್ಪಗೆ "1949" ಅಂತ ಬರೆದು ಮುಂದಿನ ಬಟ್ಟೆ ಎತ್ತಿಕೊಂಡೆ.

ಸಂಜೆ ಲೇಬಲ್‌ಗಳ ಫೋಟೊ ತೆಗೆಯುವಾಗ ಅದೇ ಜೇಬಿನ ಇನ್ನೊಂದು ಪಟ್ಟಿ ಕಣ್ಣಿಗೆ ಬಿತ್ತು. ಅರ್ಧ ಮಾಸಿಹೋಗಿದೆ. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಬಟ್ಟೆಗೆ ಸಮವಾಗಿ ಪಕ್ಕದಿಂದ ಹಿಡಿದೆ. ಅಚ್ಚಿನ ಒತ್ತು ಬಿದ್ದ ಕಡೆ ಸಣ್ಣ ನೆರಳು ಮೂಡಿ ಅಕ್ಷರ ಎದ್ದು ಬಂತು: "55% ಡೇಕ್ರಾನ್ ಪಾಲಿಯೆಸ್ಟರ್, 45% ಉಲ್".

ನನ್ನ 1949 ಅಲ್ಲಿಗೇ ಮುರಿದು ಬಿತ್ತು. ಡೇಕ್ರಾನ್ ಅನ್ನುವುದು ಡ್ಯುಪಾಂಟ್ ಕಂಪನಿ ತನ್ನ ಪಾಲಿಯೆಸ್ಟರಿಗೆ ಕೊಟ್ಟ ಹೆಸರು. ಅದು ಬಟ್ಟೆಗಳಿಗೆ ಬಂದದ್ದೇ 1950ರ ದಶಕದಲ್ಲಿ. 1949ರಲ್ಲಿ ಈ ಕೋಟು ಇರಲು ಸಾಧ್ಯವೇ ಇಲ್ಲ.

ಆಗ ಕೂತು ಸರಿಯಾಗಿ ಓದಿದೆ. ಆ 1949 ಲೇಬಲ್ಲಿನ ವಿನ್ಯಾಸದ ಇಸವಿ. ಈ ಸಂಘ 1939, 1949, 1962ರಲ್ಲಿ ಹೊಸ ಲೇಬಲ್ ತಂದಿತು. ಮತ್ತೆ 1976ರಲ್ಲಿ, ಜವಳಿ ಕಾರ್ಮಿಕರ ಸಂಘದ ಜೊತೆ ಸೇರಿದಾಗ ಇನ್ನೊಂದು. 1949ರ ಲೇಬಲ್ 1962ರವರೆಗೆ ಹೊಲಿಯಲ್ಪಡುತ್ತಲೇ ಇತ್ತು. ಹಾಗಾದರೆ ನಾನು ಹುಟ್ಟಿದ ವರ್ಷ ಅಂದುಕೊಂಡದ್ದು ಬರೀ ಎಡಗಡೆಯ ಬೇಲಿ. 1962 ಬಲಗಡೆಯದು.

ಇನ್ನು ಆ ಮಾಸಿದ ಪಟ್ಟಿ. ಅದರಲ್ಲಿ "ಡೇಕ್ರಾನ್" ಅಂತ ಬ್ರಾಂಡಿನ ಹೆಸರು ಮಾತ್ರ ಇಲ್ಲ, ಪಕ್ಕದಲ್ಲೇ "ಪಾಲಿಯೆಸ್ಟರ್" ಅಂತ ಸಾಮಾನ್ಯ ಹೆಸರೂ ಇದೆ, ಶೇಕಡಾವಾರು ಲೆಕ್ಕವೂ ಇದೆ. ಹೀಗೆ ನೂಲಿನ ಸಾಮಾನ್ಯ ಹೆಸರು ಹೇಳಲೇಬೇಕು ಅಂತ ಮಾಡಿದ್ದು ಅದೇ 1960ರ ನಿಯಮ. ಎಡಬೇಲಿ 1949ರಿಂದ 1960ಕ್ಕೆ ಜಿಗಿಯಿತು.

1960 – 1962. ಸುಳಿವು ಎರಡೇ, ಜಾಗ ಎರಡೇ ವರ್ಷ. ಕಾರ್ಖಾನೆಯಲ್ಲಿ ಹಳೇ ಲೇಬಲ್ಲಿನ ಸುರುಳಿ ಮುಗಿಯುವವರೆಗೆ ಅದನ್ನೇ ಹಾಕಿರಬಹುದು ಅಂತ ಒಂದು ವರ್ಷ ಸಡಿಲ ಬಿಟ್ಟೆ. ದಪ್ಪಗೆ ಬರೆದಿದ್ದ 1949ರ ಮೇಲೆ ಗೆರೆ ಎಳೆದೆ, ಅಳಿಸಲಿಲ್ಲ. ಆ ಪುಟ ಹಾಗೇ ಇರಲಿ.

ಮೂರನೇ ದಿನ: ಡೆನಿಮ್ ಜಾಕೆಟ್, ಬೇಗ ಮುಗಿಯಿತು

ಲೀವೈಸ್ ಜಾಕೆಟ್. ಎದೆಯ ಜೇಬಿನ ಕೆಂಪು ಪಟ್ಟಿ ನೋಡಿದ ಕೂಡಲೇ ಎದೆ ಹೊಡೆದುಕೊಂಡಿತು. ಅದರಲ್ಲಿ ಹೆಸರಿನ ಎಲ್ಲ ಅಕ್ಷರಗಳೂ ದೊಡ್ಡವು, "ಇ" ಕೂಡ. ಈ ಕೆಂಪು ಪಟ್ಟಿ ಶುರುವಾದದ್ದು 1936ರಲ್ಲಿ. 1971ರಲ್ಲಿ ದೊಡ್ಡ ಇ ಹೋಗಿ ಸಣ್ಣ ಇ ಬಂತು. ಡೆನಿಮ್ ಪ್ರಿಯರು "ಬಿಗ್ ಇ" ಅಂತ ಹುಡುಕಾಡುವುದು ಇದನ್ನೇ.

ಒಳಗೆ ನೋಡಿದೆ. ಪಕ್ಕದ ಹೊಲಿಗೆಯಲ್ಲಿ ನೈಲಾನಿನ ಉದ್ದನೆ ಲೇಬಲ್, ಹಲವು ಭಾಷೆ, ಒಗೆಯುವ ಸೂಚನೆಗೆ ಬೋಗುಣಿ, ತ್ರಿಕೋನ, ಇಸ್ತ್ರಿಪೆಟ್ಟಿಗೆಯ ಚಿತ್ರಗಳು. ಅಮೆರಿಕದ ಲೇಬಲ್‌ಗಳಲ್ಲಿ ಮಾತಿನ ಬದಲು ಬರೀ ಚಿತ್ರ ಹಾಕಬಹುದು ಅಂತ ಒಪ್ಪಿದ್ದೇ 1997ರಲ್ಲಿ. 1971ಕ್ಕಿಂತ ಹಿಂದಿನ ಪಟ್ಟಿ, 1997ರ ಆಚೀಚಿನ ಲೇಬಲ್. ಎಡಬೇಲಿ ಬಲಬೇಲಿಯನ್ನು ದಾಟಿ ಹೋದರೆ ಅರ್ಥ ಒಂದೇ: ಇದು ಹಳೇ ವಿನ್ಯಾಸವನ್ನು ಕಂಪನಿಯೇ ಮತ್ತೆ ಮಾಡಿದ್ದು. ಅವರ ವಿಂಟೇಜ್ ಸಾಲಿನಲ್ಲಿ ಬಿಗ್ ಇ ಇದ್ದೇ ಇರುತ್ತದೆ. ಒಳ್ಳೇ ಜಾಕೆಟ್ಟೇ, ಹೊಲಿಗೆ ಗಟ್ಟಿ. ಆದರೆ ಅರುವತ್ತರ ದಶಕದ್ದಲ್ಲ.

ಇನ್ನೊಂದು ಸಣ್ಣ ವಿಷಯ. ಕೆಲವು ಕೆಂಪು ಪಟ್ಟಿಗಳಲ್ಲಿ ಹೆಸರೇ ಇರುವುದಿಲ್ಲ, ವೃತ್ತದೊಳಗಿನ "ಆರ್" ಗುರುತು ಮಾತ್ರ. ಅದು ನಕಲಿ ಅಲ್ಲ. ಪಟ್ಟಿಯ ಜಾಗವೇ ತಮ್ಮ ಟ್ರೇಡ್‌ಮಾರ್ಕ್ ಅಂತ ಉಳಿಸಿಕೊಳ್ಳಲು ಕಂಪನಿ ಬೇಕೆಂದೇ ಸ್ವಲ್ಪ ಬಟ್ಟೆಗಳನ್ನು ಹಾಗೆ ಬಿಡುತ್ತದೆ.

ಅದೇ ದಿನ ಮಧ್ಯಾಹ್ನ: ಬ್ಲೌಸಿಗೆ ಆದ ಅನಾಹುತ

ಬ್ಲೌಸಿನ ಸ್ಯಾಟಿನ್ ಲೇಬಲ್ ಸುರುಳಿ ಸುತ್ತಿಕೊಂಡಿತ್ತು. ಬಿಡಿಸಿದರೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಇಸ್ತ್ರಿಪೆಟ್ಟಿಗೆ ಹತ್ತಿಯ ಬಿಸಿಯಲ್ಲೇ ಇತ್ತು, ಸುಮ್ನೆ ಒಂದು ಕ್ಷಣ ಒತ್ತಿದೆ. ಲೇಬಲ್ ಮುದುರಿ ಗಟ್ಟಿಯಾಯಿತು. ಆರ್‌ಎನ್ ನಂಬರಿನ ಮೊದಲ ಅಂಕಿ 3 ಉಳಿದಿದೆ. ಮುಂದಿನ ನಾಲ್ಕು ಅಂಕಿಗಳು ಕರಗಿಹೋದವು. ಫೋಟೊ ತೆಗೆದಿರಲಿಲ್ಲ.

ಹಳೇ ಸ್ಯಾಟಿನ್ ಲೇಬಲ್‌ಗಳು ಎಷ್ಟೋ ಸಲ ಅಸಿಟೇಟಿನವು. ಅಸಿಟೇಟ್ ಬಿಸಿ ತಡೆಯುವುದಿಲ್ಲ, ಉಗುರಿನ ಬಣ್ಣ ಅಳಿಸುವ ಅಸಿಟೋನ್ ತಾಗಿದರೆ ಕರಗಿಯೇ ಹೋಗುತ್ತದೆ. ಸುರುಳಿ ಬಿಡಿಸಲು ಸರಿಯಾದ ದಾರಿ: ಒದ್ದೆ ಹತ್ತಿಬಟ್ಟೆಯನ್ನು ಚೆನ್ನಾಗಿ ಹಿಂಡಿ ಅದರ ನಡುವೆ ಲೇಬಲ್ ಇಟ್ಟು, ಮೇಲೆ ಒಂದು ಗಾಜಿನ ತುಂಡಿಟ್ಟು ರಾತ್ರಿ ಪೂರ್ತಿ ಬಿಡುವುದು. ಅದಕ್ಕೂ ಮೊದಲು ಲೇಬಲ್ಲಿನ ಒಂದು ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದಾ ನೋಡಬೇಕು. ಎಲ್ಲಕ್ಕೂ ಮೊದಲು ಫೋಟೊ.

ಕಾಲ ಹಿಡಿಯುವ ಮಟ್ಟಿಗೆ ನಷ್ಟ ಜಾಸ್ತಿ ಆಗಲಿಲ್ಲ. 3ರಿಂದ ಶುರುವಾಗುವ ಐದಂಕಿ ನಂಬರ್ ಅಂದರೆ 30,000ದಿಂದ 39,999. ಲೆಕ್ಕ ಹಾಕಿದರೆ 1965ರಿಂದ 1969. ಪಕ್ಕದಲ್ಲಿ ಒಗೆಯುವ ಸೂಚನೆ ಮಾತಿನಲ್ಲಿದೆ. ಹಾಗಾಗಿ 1972ರ ನಂತರದ್ದು ಅನ್ನಬಹುದು. "ಮೇಡ್ ಇನ್ ಯುಎಸ್ಎ" ಎಲ್ಲೂ ಇಲ್ಲ, ಬೇರೆ ದೇಶದ ಹೆಸರೂ ಇಲ್ಲ. ಅಮೆರಿಕದೊಳಗೆ ಮಾಡಿದ ಬಟ್ಟೆಯ ಮೇಲೂ ದೇಶದ ಹೆಸರು ಇರಬೇಕು ಅನ್ನುವ ನಿಯಮ ಜಾರಿಯಾದದ್ದು 1984ರ ಡಿಸೆಂಬರಿನಲ್ಲಿ. ಹೊರಗಿನಿಂದ ಬಂದ ಬಟ್ಟೆಗೆ ಅದು ಮೊದಲೇ ಇತ್ತು. ಅಲ್ಲಿಗೆ 1972 – 1984.

ನಿಜವಾದ ನಷ್ಟ ಬೇರೆ. ಆರ್‌ಎನ್ ನಂಬರ್ ಪೂರ್ತಿ ಇದ್ದಿದ್ದರೆ ಕಮಿಷನ್ನಿನ ಪಟ್ಟಿಯಲ್ಲಿ ಹಾಕಿ ಯಾವ ಕಂಪನಿ ಮಾಡಿದ್ದು ಅಂತ ಹೆಸರು ತೆಗೆಯಬಹುದಿತ್ತು. ಆ ಪಟ್ಟಿ ಯಾರು ಬೇಕಾದರೂ ನೋಡುವಂಥದ್ದು. ಫ್ರಾಕಿಗೆ ಹಾಗೇ ಮಾಡಿದ್ದೆ. ಈ ಬ್ಲೌಸು ಮಾಡಿದವರ ಹೆಸರನ್ನು ನಾನೇ ಸುಟ್ಟುಬಿಟ್ಟೆ. ಅದು ಈಗಲೂ ನೋವಾಗುತ್ತದೆ.

ನಾಲ್ಕನೇ ಮತ್ತು ಐದನೇ ದಿನ: ಓವರ್‌ಕೋಟು

ಇದಕ್ಕೆ ಎರಡು ದಿನ ಬೇಕಾಯಿತು. ಆರರಲ್ಲಿ ನನಗೆ ತುಂಬಾ ಇಷ್ಟವಾದದ್ದೂ ಇದೇ.

ಕುತ್ತಿಗೆಯ ಹಿಂದೆ ಸಣ್ಣ ಲೇಬಲ್ ಇದೆ. ಒಂದು ಬದಿ ಕಿತ್ತು ನೇತಾಡುತ್ತಿದೆ. ಹೊಲಿಯಲೆಂದು ಎತ್ತಿದಾಗ ಅದರ ಕೆಳಗಿನ ಲೈನಿಂಗು ಗಮನಿಸಿದೆ. ಮಾಸದೆ ಉಳಿದ ಗಾಢ ಬಣ್ಣದ ಒಂದು ಚೌಕ. ಅಲ್ಲಿ ಲೇಬಲ್ ಇದ್ದದ್ದರಿಂದ ಬೆಳಕು ತಾಗಿಲ್ಲ, ಸರಿ. ಆದರೆ ಆ ಚೌಕ ಈಗಿರುವ ಲೇಬಲ್ಲಿಗಿಂತ ದೊಡ್ಡದು! ಸುತ್ತಲೂ ಒಂದು ಬೆರಳಿನಷ್ಟು ಹೆಚ್ಚು. ಚೌಕದ ಅಂಚಿಗೆ ಭೂತಗನ್ನಡಿ ಹಿಡಿದರೆ ಸಾಲಾಗಿ ಹಳೇ ಸೂಜಿಯ ತೂತುಗಳು. ಅಂದರೆ ಇಲ್ಲಿ ಮೊದಲು ಬೇರೆ ದೊಡ್ಡ ಲೇಬಲ್ ಇತ್ತು. ಯಾರೋ ತೆಗೆದು ಇದನ್ನು ಹಾಕಿದ್ದಾರೆ.

ಒಳಜೇಬಿನ ಅಂಚಿನಲ್ಲಿ ಇನ್ನೊಂದು ಸಣ್ಣ ಪಟ್ಟಿ ಇತ್ತು. ಅದರ ಮೇಲೆ ಎರಡು ಗುಂಡನೆಯ ಆಕಾರ, ಎರಡಕ್ಕೂ ಒಂದೊಂದು ತುಂಡು ಕತ್ತರಿಸಿದ ಹಾಗೆ, ಪಕ್ಕದಲ್ಲಿ 41. ಸಿಸಿ41. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಸರ್ಕಾರ ತಂದ ಯುಟಿಲಿಟಿ ಬಟ್ಟೆಗಳ, ಅಂದರೆ ಸರ್ಕಾರದ ನಿಯಮದಂತೆ ಮಿತವಾದ ಸಾಮಾನಿನಲ್ಲಿ ಹೊಲಿದ ಬಟ್ಟೆಗಳ ಗುರುತು. ರೆಜಿನಾಲ್ಡ್ ಶಿಪ್ ಅನ್ನುವವರು ಬರೆದದ್ದು. ಜನ ಅದನ್ನು "ಚೀಸ್‌ಗಳು" ಅಂತ ಕರೆಯುತ್ತಿದ್ದರಂತೆ. 1941ರಲ್ಲಿ ಅಲ್ಲಿ ಬಟ್ಟೆಗೆ ರೇಷನ್ ಬಂತು, ಅದೇ ವರ್ಷ ಈ ಗುರುತೂ ಬಂತು. ರೇಷನ್ 1949ರಲ್ಲಿ ಮುಗಿದರೂ ಈ ಗುರುತು 1952ರವರೆಗೆ ಉಳಿಯಿತು. ಇಲ್ಲೂ ಅದೇ ಎಚ್ಚರ ಬೇಕು: 41 ಅನ್ನುವುದು ಯೋಜನೆಯ ವರ್ಷ, ಕೋಟಿನ ವರ್ಷ ಅಲ್ಲ.

ಆದರೆ ಕುತ್ತಿಗೆಯ ಲೇಬಲ್ ಬದಲಾಗಿದ್ದರೆ ಇದೂ ಬದಲಾಗಿರಬಾರದಾ? ಅದನ್ನು ತೀರ್ಮಾನ ಮಾಡದೆ ಮುಂದೆ ಹೋಗುವಂತಿರಲಿಲ್ಲ. ಜೇಬಿನ ಹೊಲಿಗೆಯನ್ನು ಟಾರ್ಚ್ ಹಿಡಿದು ಒಳಗಿನಿಂದ ನೋಡಿದೆ. ಸಿಸಿ41 ಪಟ್ಟಿಯ ತುದಿ ಲೈನಿಂಗು ಮತ್ತು ಉಣ್ಣೆಯ ನಡುವೆ, ಮೂಲ ಮೆಷಿನ್ ಹೊಲಿಗೆಯಲ್ಲೇ ಸಿಕ್ಕಿಕೊಂಡಿದೆ. ಆ ಹೊಲಿಗೆಯನ್ನು ಯಾರೂ ಬಿಚ್ಚಿಲ್ಲ, ತೂತು ಒಂದೇ ಸಾಲು. ಲೈನಿಂಗು ಕೂರಿಸುವಾಗಲೇ ಸೇರಿದ ಪಟ್ಟಿ ಅದು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಮೇಲೆ ಹೊಲಿದ ಲೇಬಲ್ಲಿಗಿಂತ ಹೊಲಿಗೆಯೊಳಗೆ ಸಿಕ್ಕಿದ ಲೇಬಲ್ಲಿಗೆ ನಾನು ಯಾವಾಗಲೂ ಜಾಸ್ತಿ ಬೆಲೆ ಕೊಡುತ್ತೇನೆ.

ಮರುದಿನ ದಾರ ಪರೀಕ್ಷೆ. ಕುತ್ತಿಗೆಯ ಲೇಬಲ್ಲಿನಿಂದ ನೇತಾಡುತ್ತಿದ್ದ ದಾರದ ಒಂದು ಸೆಂಟಿಮೀಟರ್ ತುಂಡು, ಅಂಚಿನ ಹೊಲಿಗೆಯಿಂದ ಅಷ್ಟೇ ಉದ್ದದ ಇನ್ನೊಂದು. ಪಿಂಗಾಣಿ ತಟ್ಟೆಯ ಮೇಲೆ, ಕೋಟನ್ನು ದೂರ ಇಟ್ಟು, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿದೆ. ಅಂಚಿನ ದಾರ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಯಿತು. ಹತ್ತಿ. ಲೇಬಲ್ಲಿನ ದಾರ ಕರಗಿ ಕಪ್ಪು ಮಣಿಯ ಹಾಗೆ ಗಟ್ಟಿಯಾಯಿತು. ಪಾಲಿಯೆಸ್ಟರ್. ಯುದ್ಧಕಾಲದ ಕೋಟಿನಲ್ಲಿ ಪಾಲಿಯೆಸ್ಟರ್ ದಾರ ಇರುವಂತಿಲ್ಲ. ಕುತ್ತಿಗೆಯ ಲೇಬಲ್ ಎಷ್ಟೋ ವರ್ಷ ಕಳೆದ ಮೇಲೆ ಬಂದದ್ದು ಅಂತ ಖಚಿತವಾಯಿತು.

ನೇರಳಾತೀತ (ಯುವಿ) ಟಾರ್ಚನ್ನೂ ಬಿಟ್ಟು ನೋಡಿದೆ. ಹೊಸ ದಾರ ಬೆಳ್ಳಗೆ ಹೊಳೆಯಿತು. ಅದನ್ನು ಮಾತ್ರ ನಂಬಿ ಹೊರಡಬೇಡಿ. ಬಟ್ಟೆ ಸೋಪಿನ ಪುಡಿಯಲ್ಲೇ ಹೊಳಪಿನ ರಾಸಾಯನಿಕ ಇರುತ್ತದೆ, ಹಳೇ ದಾರವನ್ನು ಅದರಲ್ಲಿ ಒಗೆದರೆ ಅದೂ ಹೊಳೆಯುತ್ತದೆ.

ಈಗ ಆ ಲೇಬಲ್ ಏನು ಮಾಡುವುದು? ಕಿತ್ತುಹಾಕಲು ಕೈ ಬರಲಿಲ್ಲ. ಯಾರೋ ಇದನ್ನು ಇಷ್ಟಪಟ್ಟು ಹೊಲಿದಿರಬಹುದು, ಮಾರಲೆಂದು ಹೊಲಿದಿರಬಹುದು. ಹೇಗಿದ್ದರೂ ಈ ಕೋಟಿನ ಜೀವನದಲ್ಲಿ ಅದೂ ನಡೆದಿದೆ. ಮತ್ತೆ ಹೊಲಿಯಲು ತೀರ್ಮಾನಿಸಿದೆ.

ಸೂಜಿಗೆ ಒಂಟಿ ಹತ್ತಿ ದಾರ ಪೋಣಿಸಿದೆ, ಲೇಬಲ್ಲಿನ ನೂಲಿಗಿಂತ ಗಟ್ಟಿ ಇಲ್ಲದ್ದು. ದಾರ ಲೇಬಲ್ಲಿಗಿಂತ ಗಟ್ಟಿ ಇದ್ದರೆ ಎಳೆದಾಗ ಹರಿಯುವುದು ಲೇಬಲ್ಲೇ. ಸೂಜಿ ಹಾಕಿದ್ದು ಲೇಬಲ್ಲಿನ ಹಳೇ ತೂತುಗಳಲ್ಲೇ. ಹೊಸ ತೂತು ಹಾಕಿದರೆ ನಾಳೆ ಇದನ್ನು ಓದುವವರಿಗೆ ದಾರಿ ತಪ್ಪುತ್ತದೆ. ಲೈನಿಂಗನ್ನು ಮಾತ್ರ ಚುಚ್ಚಿ, ಹೊರಗಿನ ಉಣ್ಣೆಗೆ ಸೂಜಿ ತಾಗದಂತೆ ಕೆಳಗೆ ಎಡಗೈಯ ಬೆರಳಿಟ್ಟುಕೊಂಡೆ. ಗಂಟು ಲೇಬಲ್ಲಿನ ಕೆಳಗೆ ಅಡಗಿಸಿದೆ. ಬಿಗಿಯಾಗಿ ಎಳೆಯಲಿಲ್ಲ. ಲೈನಿಂಗು ಸುಕ್ಕಾದರೆ ಅಲ್ಲೇ ಹರಿಯುತ್ತದೆ. ನಾಲ್ಕು ಬದಿ ಮುಗಿಸಲು ನಲವತ್ತು ನಿಮಿಷ ಹಿಡಿಯಿತು. ಸುತ್ತಲಿನ ಗಾಢ ಚೌಕ ಮೊದಲಿನ ಹಾಗೇ ಕಾಣುತ್ತಿದೆ, ಮುಚ್ಚಲಿಲ್ಲ.

ಓವರ್‌ಕೋಟು: 1941 – 1952. ಕುತ್ತಿಗೆಯ ಲೇಬಲ್ ಆಮೇಲಿನದು.

ಆರನೇ ದಿನ: ಕಾರ್ಡಿಗನ್

ಸೇಂಟ್ ಮೈಕಲ್ ಲೇಬಲ್. ಮಾರ್ಕ್ಸ್ ಅಂಡ್ ಸ್ಪೆನ್ಸರ್ 1928ರಲ್ಲಿ ನೋಂದಾಯಿಸಿದ ಹೆಸರು, 2000ದಲ್ಲಿ ಕೈಬಿಟ್ಟದ್ದು. ಎಪ್ಪತ್ತೆರಡು ವರ್ಷದ ಜಾಗ, ಏನೂ ಪ್ರಯೋಜನವಿಲ್ಲ. ಪಕ್ಕದ ಪಟ್ಟಿಯಲ್ಲಿ ಉಣ್ಣೆಯ ಉಂಡೆಯಂಥ ವುಲ್‌ಮಾರ್ಕ್ ಗುರುತು ಸಿಕ್ಕಿತು. ಅದು ಬಂದದ್ದು 1964ರಲ್ಲಿ. ಎಡಬೇಲಿ ಒಂದೇ ಏಟಿಗೆ ಮೂವತ್ತಾರು ವರ್ಷ ಮುಂದೆ ಬಂತು. ಬಲಗಡೆ 2000 ಹಾಗೇ ಇದೆ. ದೇಶದ ಹೆಸರು "ವೆಸ್ಟ್ ಜರ್ಮನಿ" ಅಂತಲೋ "ಚೆಕೊಸ್ಲೊವಾಕಿಯ" ಅಂತಲೋ ಇದ್ದಿದ್ದರೆ 1990, 1992 ಅಂತ ಬಲಬೇಲಿ ತಾನಾಗಿ ಸಿಗುತ್ತಿತ್ತು. "ಬ್ರಿಟಿಷ್ ಹಾಂಗ್ ಕಾಂಗ್" ಇದ್ದರೆ 1997. ಇದು ಬ್ರಿಟನ್ನಿನಲ್ಲೇ ಆದದ್ದು. ಹಾಗಾಗಿ 1964 – 2000 ಅಂತ ಬರೆದು, ಕೆಳಗಡೆ ಅರ್ಧ ಪುಟ ಖಾಲಿ ಬಿಟ್ಟೆ.

ಕೊನೆಯಲ್ಲಿ ಆರು ಹತ್ತಿಪಟ್ಟಿ ಕತ್ತರಿಸಿದೆ. ಒಂದೊಂದರ ಮೇಲೂ ಎರಡು ಇಸವಿ, ಅದಕ್ಕೆ ಕಾರಣವಾದ ಸುಳಿವುಗಳು, ನಾನು ಏನೇನು ಹೊಲಿದೆ ಅನ್ನುವುದನ್ನು ಪೆನ್ಸಿಲ್ಲಿನಲ್ಲಿ ಬರೆದೆ. ಇಂಕಾದರೆ ಬಟ್ಟೆಗೆ ಇಳಿಯುತ್ತದೆ. ಬ್ಲೌಸಿನ ಪಟ್ಟಿಯ ಮೇಲೆ "ಆರ್‌ಎನ್ 3, ಉಳಿದ ನಾಲ್ಕು ಅಂಕಿ ಇಸ್ತ್ರಿಯಲ್ಲಿ ಹೋದವು" ಅಂತಲೂ ಬರೆದೆ. ಜೇಬಿರುವ ಬಟ್ಟೆಗಳಿಗೆ ಜೇಬಿನಲ್ಲಿಟ್ಟೆ. ಫ್ರಾಕಿಗೆ ಜೇಬಿಲ್ಲ. ಅದರ ಪಟ್ಟಿಯನ್ನು ಯೂನಿಯನ್ ಲೇಬಲ್ಲಿನ ಪಕ್ಕದ ಹೊಲಿಗೆಯ ಅಂಚಿಗೆ ಎರಡು ಸಡಿಲ ಹೊಲಿಗೆ ಹಾಕಿ ಕಟ್ಟಿದ್ದೇನೆ, ಬೇಕಾದವರು ಒಂದೇ ಎಳೆತಕ್ಕೆ ತೆಗೆಯುವ ಹಾಗೆ.